ಬಾನದುರ್ಗದ ಏಳು ಬಾಗಿಲು: ತಾರಸಿಯೋ, ಸೂಳೆಕೆರೆ ದಂಡೆಯೋ, ಚಳ್ಳಕೆರೆ ಸೀಮೆಯ ಹೊಲವೋ?

ನಕ್ಷತ್ರ ತೋರಿಸುತ್ತೇವೆ ಬನ್ನಿ ಎಂದರೆ ದೊಡ್ಡವರು ಹತ್ತು ನಿಮಿಷ ಕತ್ತೆತ್ತಿ ನೋಡಿ ಊಟದ ಕಡೆ ತಿರುಗುತ್ತಾರೆ. ಮಕ್ಕಳು ಅಷ್ಟು ಹೊತ್ತೂ ನಿಲ್ಲುವುದಿಲ್ಲ. ಕೋಟೆಗೆ ಲಗ್ಗೆ ಹಾಕೋಣ ಬನ್ನಿ ಎಂದರೆ ಇಬ್ಬರೂ ನಡುರಾತ್ರಿಯಾದರೂ ಕದಲುವುದಿಲ್ಲ. ಚಿತ್ರದುರ್ಗದ ಏಳುಸುತ್ತಿನ ಕೋಟೆ ನೋಡುತ್ತಲೇ ಬೆಳೆದ ನಮ್ಮ ಕಡೆಯವರಿಗೆ ಅಗಸೆ, ಬುರುಜು, ದಿಡ್ಡಿ, ಕಳ್ಳಗಂಡಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಹಾಗಾಗಿ ನಮ್ಮ ಮನೆಯವರು, ಅಕ್ಕನ ಮನೆಯವರು, ಬೀದಿಯ ಒಂದಿಷ್ಟು ಮಕ್ಕಳು ಸೇರಿ ಆಕಾಶವನ್ನೇ ಏಳುಸುತ್ತಿನ ಕೋಟೆ ಮಾಡಿಕೊಂಡೆವು. ಅದರ ಹೆಸರು ಬಾನದುರ್ಗ. ಏಳು ಸುತ್ತು, ಏಳು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ರಾಜ್ಯ ಕಲ್ಪನೆಯದು, ಕಾವಲುಗಾರರು ಮಾತ್ರ ನಿಜವಾದ ನಕ್ಷತ್ರಗಳು.

ಈ ಕೂಟವನ್ನು ಬೇರೆಬೇರೆ ಜಾಗದಲ್ಲಿ, ಬೇರೆಬೇರೆ ರೀತಿಯಲ್ಲಿ ನಡೆಸಿ ನೋಡಿದ್ದೇವೆ. ಮಾಡಬೇಕೆಂದಿರುವವರು ಮೊದಲು ಕೇಳುವುದು ಎಲ್ಲಿ ಮಾಡೋಣ ಎಂದು. ಆಮೇಲೆ ದೂರದರ್ಶಕ ಬೇಕೇ ಎಂದು. ಯಾವ ಕಥೆ ಹೇಳಬೇಕು ಎಂದು ಯಾರೂ ಕೇಳುವುದಿಲ್ಲ. ಕೂಟ ಗೆಲ್ಲುವುದೂ ಸೋಲುವುದೂ ಅದರಲ್ಲೇ ಎಂದು ನನಗೆ ಕಂಡಿದೆ.

ಆಟದ ನಿಯಮ ಮೊದಲೇ ಹೇಳಿಬಿಡುತ್ತೇನೆ, ಜಾಗ, ಸಲಕರಣೆ, ಕಥೆ ಎಲ್ಲವನ್ನೂ ನಾನು ಅಳೆದದ್ದು ಅದರಿಂದಲೇ. ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಸಂಜೆ ಕಳೆಯುತ್ತಿದ್ದಂತೆ ನಮ್ಮ ಆಕಾಶದಲ್ಲಿ ಏಳು ಒಳ್ಳೆಯ ಗುರುತುಗಳು ಒಟ್ಟಿಗೇ ಸಿಗುತ್ತವೆ. ಆಗ್ನೇಯದಲ್ಲಿ ಲುಬ್ಧಕ, ರಾತ್ರಿಯ ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರ. ಅದಕ್ಕಿಂತ ಬಲು ಕೆಳಗೆ, ದಕ್ಷಿಣದ ಕಡೆ ಅಗಸ್ತ್ಯ, ಪ್ರಕಾಶದಲ್ಲಿ ಎರಡನೆಯದು. ಬೇಟೆಗಾರನಂತೆ ಕಾಣುವ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲಲ್ಲಿ ಕೆಂಪಗಿನ ಆರ್ದ್ರಾ. ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ರೋಹಿಣಿ, ಅದರ ಮಗ್ಗುಲಲ್ಲೇ ಗೊಂಚಲು ಗೊಂಚಲಾಗಿ ಕೃತ್ತಿಕೆ. ಈಶಾನ್ಯದಲ್ಲಿ ಬ್ರಹ್ಮಹೃದಯ, ಪೂರ್ವದಲ್ಲಿ ಜೋಡಿ ಪುನರ್ವಸು. ಇವೇ ಏಳು ಬಾಗಿಲು. ಮಕ್ಕಳು ಎರಡು ಮೂರು ಜನರ ಗುಂಪಾಗುತ್ತಾರೆ, ಗುಂಪಿಗೊಂದು ಚೀಟಿ. ಚೀಟಿಯಲ್ಲಿ ನಕ್ಷತ್ರದ ಹೆಸರಿರುವುದಿಲ್ಲ, ಗುರುತಿರುತ್ತದೆ: ಕೆಂಪು ಮುಂಡಾಸಿನವನು, ನೆಲಕ್ಕೆ ಹತ್ತಿರ ಕೂತ ಮುನಿ, ತಂಗಿಯರನ್ನು ಬಿಟ್ಟು ಒಬ್ಬಳೇ ಹೊರಗೆ ಬಾರದವಳು. ಹುಡುಕಿ, ಕೈ ಚಾಚಿ ತೋರಿಸಿ, ದಿಗಂತದಿಂದ ಎಷ್ಟು ಮುಷ್ಟಿ ಎತ್ತರದಲ್ಲಿದೆ ಎಂದು ಅಳೆದು ಹೇಳಬೇಕು. ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ. ಮಕ್ಕಳ ಕೈ ಚಿಕ್ಕದು, ಮುಷ್ಟಿಯೂ ಚಿಕ್ಕದು, ಲೆಕ್ಕ ಹೆಚ್ಚುಕಡಿಮೆ ಅದೇ ಬರುತ್ತದೆ. ಸರಿಯಾಗಿ ತೋರಿಸಿದರೆ ಬಾಗಿಲು ತೆರೆಯುತ್ತದೆ.

ಏಳುಸುತ್ತಿನ ಕೋಟೆಯ ಆಟವನ್ನು ಕೋಟೆಯ ಮೇಲೇ ಆಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ಆಗದ ಮಾತು. ಸಂಜೆಯಾದ ಮೇಲೆ ಕೋಟೆಯೊಳಗೆ ಬಿಡುವುದಿಲ್ಲ, ಚಂದ್ರವಳ್ಳಿಯಲ್ಲೂ ಅಷ್ಟೇ. ಜೋಗಿಮಟ್ಟಿ ಜಿಲ್ಲೆಯ ಅತಿ ಎತ್ತರದ ಜಾಗ, ಕನಸಿನಂಥ ಬೆಟ್ಟ. ಆದರೆ ಅದು ವನ್ಯಧಾಮ. ಕತ್ತಲಾದ ಮೇಲೆ ಮಕ್ಕಳ ಗುಂಪು ಕಟ್ಟಿಕೊಂಡು ಅಲ್ಲಿ ಓಡಾಡುವುದು ಅರಣ್ಯ ಇಲಾಖೆಗೂ ಸರಿಯಲ್ಲ, ಕರಡಿಗಳಿಗೂ ಸರಿಯಲ್ಲ. ಆದ್ದರಿಂದ ಉಳಿದವು ಮೂರು.

ಮೊದಲನೆಯದು ದಾವಣಗೆರೆಯ ನಮ್ಮದೇ ತಾರಸಿ. ಅಜ್ಜಿ ಮೆಟ್ಟಿಲು ಹತ್ತಿ ಬರಬಹುದು, ಬಚ್ಚಲು ಕೆಳಗೇ ಇದೆ, ನಿದ್ದೆ ಬಂದ ಮಗುವನ್ನು ಎತ್ತಿಕೊಂಡು ಹೋಗಿ ಮಲಗಿಸಬಹುದು. ಬೀದಿ ದೀಪ, ಎದುರು ಮನೆಯ ಗೇಟಿನ ಬೆಳಕು, ದೂರದ ಹೈವೇ ಕಡೆಯ ಹಳದಿ ಹೊಗೆ ಇಷ್ಟೆಲ್ಲ ಇದ್ದರೂ ನಮ್ಮ ಏಳು ಕಾವಲುಗಾರರಲ್ಲಿ ಐವರು ಅಲ್ಲಿಂದಲೇ ಚೆನ್ನಾಗಿ ಸಿಗುತ್ತಾರೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಊರೊಳಗೆ ಏನೂ ಕಾಣುವುದಿಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಕಷ್ಟ ಕೊಡುವವರು ಇಬ್ಬರು. ಕೃತ್ತಿಕೆ ಒಂದು ಸಣ್ಣ ಮಸುಕಾಗಿ ಕಾಣುತ್ತದೆ, ತಂಗಿಯರನ್ನು ಎಣಿಸಲಾಗುವುದಿಲ್ಲ. ಅಗಸ್ತ್ಯ ಇನ್ನೊಂದು ಬಗೆಯ ತೊಂದರೆ: ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ, ಹಾಗಾಗಿ ಅಗಸ್ತ್ಯ ಅತಿ ಮೇಲೇರಿದಾಗಲೂ ದಿಗಂತದಿಂದ 23 ಡಿಗ್ರಿ ದಾಟುವುದಿಲ್ಲ, ಎರಡು ಮುಷ್ಟಿಗಿಂತ ಚೂರು ಹೆಚ್ಚು. ದಕ್ಷಿಣಕ್ಕೆ ಮೂರಂತಸ್ತಿನ ಮನೆ, ಅದರ ಮೇಲೊಂದು ಸಿಂಟೆಕ್ಸ್ ಇದ್ದರೆ ಮುನಿ ಅದರ ಹಿಂದೆಯೇ ಮೂಡಿ ಅದರ ಹಿಂದೆಯೇ ಮುಳುಗುತ್ತಾನೆ.

ತಾರಸಿಯ ನಿಜವಾದ ಕೊರತೆ ಬೆಳಕಲ್ಲ. ಅಲ್ಲಿ ಬೇರೊಂದು ಲೋಕಕ್ಕೆ ಬಂದೆವು ಅನ್ನಿಸುವುದಿಲ್ಲ. ಕೆಳಗೆ ಟಿವಿಯ ಸದ್ದು, ಕುಕ್ಕರ್ ಕೂಗು, ಪಕ್ಕದ ಮನೆಯವರು ಏನು ಮಾಡ್ತಿದೀರಿ ಎಂದು ಕೇಳುವುದು. ಕಾವಲುಗಾರನ ಮಾತು ಆಡುತ್ತಿದ್ದ ಹುಡುಗ ತಟ್ಟನೆ ಆರನೇ ಕ್ಲಾಸಿನ ಹುಡುಗನಾಗಿಬಿಡುತ್ತಾನೆ.

ಎರಡನೆಯದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಶಾಂತಿಸಾಗರ. ಇಲ್ಲಿ ಲೋಕವನ್ನು ಕಟ್ಟುವ ಕೆಲಸವೇ ಇಲ್ಲ, ಅದು ಕಟ್ಟಿಯೇ ಇದೆ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂಬ ಕಥೆ, ಗುಡ್ಡಗಳ ನಡುವಿನ ಏರಿ, ಎದುರಿಗೆ ಕಣ್ಣು ಮುಟ್ಟುವವರೆಗೆ ನೀರು. ಗಾಳಿ ನಿಂತ ಹೊತ್ತಿನಲ್ಲಿ ಲುಬ್ಧಕ ಕೆರೆಯೊಳಗೂ ಮಿನುಗಿದಾಗ ಮಕ್ಕಳು ತಾವೇ ಒಂದು ನಿಯಮ ಸೇರಿಸಿದರು: ನೀರಿನಲ್ಲಿ ಕಾಣುವ ಕಾವಲುಗಾರ ಕಳ್ಳಗಂಡಿಯವನು, ಅವನನ್ನು ತೋರಿಸಿದವರಿಗೆ ಎರಡು ಬಾಗಿಲು. ನಾವು ಮನೆಯಲ್ಲಿ ಕೂತು ಎಷ್ಟು ಯೋಚಿಸಿದ್ದರೂ ಹೊಳೆಯದಿದ್ದ ನಿಯಮ ಅದು. ಆಕಾಶವೂ ದಾವಣಗೆರೆಗಿಂತ ಎಷ್ಟೋ ವಾಸಿ, ಕೃತ್ತಿಕೆಯಲ್ಲಿ ಆರು ತಂಗಿಯರು ಬರಿಗಣ್ಣಿಗೆ ಸಿಗುತ್ತಾರೆ.

ಆದರೂ ಸೂಳೆಕೆರೆಯನ್ನು ನಾನು ಮೊದಲ ಸ್ಥಾನಕ್ಕೆ ಏರಿಸುವುದಿಲ್ಲ. ರಾತ್ರಿ, ನೀರು, ಕತ್ತೆತ್ತಿಕೊಂಡೇ ಹೆಜ್ಜೆ ಹಾಕುವ ಮಕ್ಕಳು, ಈ ಮೂರು ಒಂದೆಡೆ ಸೇರಬಾರದು. ದಂಡೆಯಿಂದ ದೂರಕ್ಕೆ ಹಗ್ಗ ಕಟ್ಟಿ, ಇಬ್ಬರು ದೊಡ್ಡವರು ನೀರಿನ ಕಡೆಗೇ ಮುಖ ಮಾಡಿ ನಿಂತಿದ್ದರು. ಆ ಇಬ್ಬರು ಇಡೀ ಸಂಜೆ ಆಕಾಶ ನೋಡಲಿಲ್ಲ. ಜೊತೆಗೆ ಸೊಳ್ಳೆ, ಏರಿಯ ಕಡೆಯಿಂದ ಬರುವ ವಾಹನಗಳ ಹೆಡ್‌ಲೈಟ್. ಎಂಟೂವರೆ ಒಂಬತ್ತರ ಮೇಲೆ ನೀರಿನಿಂದ ಏಳುವ ತೇವಕ್ಕೆ ಬೈನಾಕ್ಯುಲರ್‌ನ ಗಾಜು ಮಂಜಾಗುತ್ತದೆ, ದಿಗಂತದ ಹತ್ತಿರ ತೆಳು ಇಬ್ಬನಿ ಕೂತು ಅಗಸ್ತ್ಯ ಇಲ್ಲೂ ಮಸುಕಾಗುತ್ತಾನೆ. ಹನ್ನೆರಡು ದಾಟಿದ ಮಕ್ಕಳು, ಕಡಿಮೆ ಜನ ಇದ್ದರೆ ಸೂಳೆಕೆರೆಯಷ್ಟು ಚೆಂದದ ಜಾಗ ಇನ್ನೊಂದಿಲ್ಲ. ಚಿಕ್ಕವರಿದ್ದರೆ ಬೇಡ.

ಮೂರನೆಯದು ಚಳ್ಳಕೆರೆ ಸೀಮೆಯ ಹೊಲ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ಚಳ್ಳಕೆರೆಗೆ ಇನ್ನು ಸುಮಾರು 30. ಸಂಬಂಧಿಕರೊಬ್ಬರ ಹೊಲ, ಶೇಂಗಾ ಕಿತ್ತಾದ ಮೇಲೆ ಖಾಲಿ ಬಿದ್ದಿರುತ್ತದೆ. ಕರ್ನಾಟಕದಲ್ಲಿ ಮಳೆ ಅತಿ ಕಡಿಮೆ ಬೀಳುವ ಸೀಮೆಗಳಲ್ಲಿ ಅದೂ ಒಂದು. ಬೇಸಾಯಕ್ಕೆ ಶಾಪವಾದ ಆ ಒಣಹವೆ ನಕ್ಷತ್ರ ನೋಡುವವರಿಗೆ ವರ. ಇಬ್ಬನಿ ಕಡಿಮೆ, ಗಾಜು ಮಂಜಾಗುವುದಿಲ್ಲ, ನಾಲ್ಕೂ ದಿಕ್ಕಿಗೆ ನೆಲ ಆಕಾಶ ಕೂಡುವುದು ಕಾಣುತ್ತದೆ. ಅಗಸ್ತ್ಯ ಇಲ್ಲಿ ಮುಚ್ಚುಮರೆ ಇಲ್ಲದೆ ಕೂತಿರುತ್ತಾನೆ. ಉತ್ತರಕ್ಕೆ ತಿರುಗಿದರೆ ಒಂದೂವರೆ ಮುಷ್ಟಿ ಎತ್ತರದಲ್ಲಿ ಧ್ರುವನೂ ಸಿಗುತ್ತಾನೆ. ನಾವು ನಿಂತ ಅಕ್ಷಾಂಶ ಎಷ್ಟೋ ಧ್ರುವನ ಎತ್ತರವೂ ಅಷ್ಟೇ ಎಂಬುದನ್ನು ಮಕ್ಕಳು ಕೈಯಲ್ಲೇ ಅಳೆದು ನೋಡುತ್ತಾರೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತವೆ. ಅವಕ್ಕೆ ಶತ್ರುಸೈನ್ಯದ ಪಂಜು ಎಂದು ಹೆಸರಿಟ್ಟದ್ದೇ ತಡ, ಅವೂ ಕಥೆಯೊಳಗೆ ಬಂದವು.

ಈ ಹೊಲಕ್ಕೂ ಒಂದು ತೊಡಕಿದೆ. ಯಾರೂ ಮೊದಲೇ ಊಹಿಸದ ತೊಡಕು. ಕತ್ತಲು ಪೂರ್ತಿ ಕವಿದ ಮೇಲೆ ಅಲ್ಲಿ ನಕ್ಷತ್ರಗಳು ಅತಿಯಾಗುತ್ತವೆ. ಕರಿ ಕಂಬಳಿಯ ಮೇಲೆ ಮಂಡಕ್ಕಿ ಚೆಲ್ಲಿದಂತಿರುವ ಆಕಾಶದಲ್ಲಿ ಹೊಸಬರಿಗೆ ಪುನರ್ವಸು ಯಾವುದು, ಅದರ ಅಕ್ಕಪಕ್ಕದ ಪುಡಿ ನಕ್ಷತ್ರ ಯಾವುದು ತಿಳಿಯುವುದಿಲ್ಲ. ತಾರಸಿಯ ಮೇಲೆ ಸಲೀಸಾಗಿ ಐದು ಬಾಗಿಲು ತೆರೆದಿದ್ದ ಮಕ್ಕಳೇ ಹೊಲದಲ್ಲಿ ತಡವರಿಸಿದರು. ಇದಕ್ಕೆ ಮದ್ದು ಮುಸ್ಸಂಜೆ. ಫೆಬ್ರವರಿ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು. ಆಕಾಶ ಪೂರ್ತಿ ಕಪ್ಪಾಗಲು ಇನ್ನೂ ಒಂದು ಗಂಟೆಗಿಂತ ಹೆಚ್ಚು ಬೇಕು. ಆ ಹೊತ್ತಿನಲ್ಲಿ ಆಟ ಶುರು ಮಾಡಿದರೆ ಆಕಾಶವೇ ಆಟ ನಡೆಸುತ್ತದೆ: ನೀಲಿ ಇನ್ನೂ ಉಳಿದಿರುವಾಗ ಲುಬ್ಧಕ ಒಬ್ಬನೇ, ಆಮೇಲೆ ಬ್ರಹ್ಮಹೃದಯ, ಕೆಳಗೆ ಅಗಸ್ತ್ಯ, ಹಿಂದೆಯೇ ರೋಹಿಣಿ, ಆರ್ದ್ರಾ, ಪುನರ್ವಸು, ಕಟ್ಟಕಡೆಗೆ ಕೃತ್ತಿಕೆ. ಕಾವಲುಗಾರರು ಒಬ್ಬೊಬ್ಬರಾಗಿ ದೀಪ ಹಚ್ಚಿಕೊಂಡು ಬರುತ್ತಾರೆ, ಮಕ್ಕಳು ಒಂದೊಂದೇ ಬಾಗಿಲು ತೆರೆಯುತ್ತಾರೆ. ಏಳನೆಯದು ತೆರೆಯುವ ಹೊತ್ತಿಗೆ ಸರಿಯಾಗಿ ಉಳಿದ ಸಾವಿರ ನಕ್ಷತ್ರಗಳು ಹೊರಬಿದ್ದಿರುತ್ತವೆ. ಕೋಟೆಯೊಳಗೆ ಬಂದೆವು ಎಂದು ಯಾರೂ ಹೇಳಬೇಕಾಗಿಲ್ಲ, ಎಲ್ಲರಿಗೂ ಕಾಣುತ್ತದೆ. ಇದಕ್ಕಾಗಿಯೇ ದೂರವಾದರೂ ಚಿಂತೆಯಿಲ್ಲ, ನನ್ನ ಮೊದಲ ಆಯ್ಕೆ ಹೊಲ, ಅದೂ ಮುಸ್ಸಂಜೆಯಿಂದ.

ಹೊಲದ ಎಚ್ಚರಿಕೆಗಳು ಬೇರೆ. ಬೆಳಕಿರುವಾಗಲೇ ಹೋಗಿ ನೆಲ ನೋಡಬೇಕು, ಕಲ್ಲುಗುಪ್ಪೆ, ಬದು, ಬಳ್ಳಾರಿ ಜಾಲಿಯ ಪೊದೆಗಳಿಂದ ದೂರ ಕೂರಬೇಕು. ಚೇಳು, ಹಾವು ಇರುವ ಸೀಮೆ. ಕಾಲಿಗೆ ಬೂಟು. ಬಚ್ಚಲಿಗೆ ಹತ್ತಿರದ ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು, ಇದನ್ನು ಹೆಣ್ಣುಮಕ್ಕಳು ಬಂದ ಮೇಲೆ ಯೋಚಿಸಿದರೆ ಆಗದು. ಹಾಸಲು ಜಮಖಾನ, ಹೊದೆಯಲು ಚಳ್ಳಕೆರೆಯ ಕಂಬಳಿ. ಕಂಬಳಿಯ ಉಪಯೋಗ ಎರಡು: ಚಳಿಗೂ ಆಯಿತು, ವೇಷಕ್ಕೂ ಆಯಿತು. ಕುರಿಗಾಹಿಗಳು ಮಳೆಯಲ್ಲಿ ಹಾಕಿಕೊಳ್ಳುವ ಹಾಗೆ ಕಂಬಳಿ ಕೊಪ್ಪೆ ಹಾಕಿಕೊಂಡ ಮಕ್ಕಳು ಕತ್ತಲಲ್ಲಿ ನಿಂತರೆ ಬಾಡಿಗೆಗೆ ತಂದ ಯಾವ ಜರಿ ಉಡುಪೂ ಅದರ ಮುಂದೆ ನಿಲ್ಲುವುದಿಲ್ಲ.

ತಿಥಿಯ ವಿಚಾರವೂ ಇಲ್ಲೇ ಹೇಳಬೇಕು. ಪುಸ್ತಕಗಳು ಅಮಾವಾಸ್ಯೆ ಎನ್ನುತ್ತವೆ. ನಮ್ಮ ಮನೆಗಳಲ್ಲಿ ಅಮಾವಾಸ್ಯೆಯ ರಾತ್ರಿ ಮಕ್ಕಳನ್ನು ಹೊಲಕ್ಕೆ, ಕೆರೆಗೆ ಕಳಿಸಲು ಹಿರಿಯರು ಒಪ್ಪುವುದಿಲ್ಲ, ಅದರ ಮೇಲೆ ವಾದ ಮಾಡುವ ಅಗತ್ಯವೂ ಇಲ್ಲ. ಕೃಷ್ಣಪಕ್ಷದ ಸಪ್ತಮಿ ಕಳೆದರೆ ಚಂದ್ರ ಮೂಡುವುದೇ ನಡುರಾತ್ರಿಯ ಹೊತ್ತಿಗೆ. ನಮ್ಮ ಆಟ ಅಷ್ಟರಲ್ಲಿ ಮುಗಿದಿರುತ್ತದೆ. ಶುಕ್ಲ ಬಿದಿಗೆ, ತದಿಗೆಯೂ ಒಳ್ಳೆಯದೇ. ಗೆರೆಯಂಥ ಚಂದ್ರ ಸಂಜೆ ಪಡುವಣದಲ್ಲಿ ಕಂಡು ಬೇಗ ಮುಳುಗುತ್ತಾನೆ. ಈ ತಿಥಿಗಳನ್ನು ಮುಂದಿಟ್ಟರೆ ಅಜ್ಜಿಯೂ ಹೊರಡುತ್ತಾರೆ.

ಇನ್ನು ಕಥೆ. ಮೂರು ಬಗೆ ಮಾಡಿ ನೋಡಿದ್ದೇವೆ.

ಪುರಾಣದ ಕಥೆ ಹೇಳುವುದು ಎಲ್ಲಕ್ಕಿಂತ ಸುಲಭ. ರೋಹಿಣಿಯ ಮೇಲೆ ಚಂದ್ರನ ಪ್ರೀತಿ, ಕಾರ್ತಿಕೇಯನಿಗೆ ಹಾಲೂಡಿದ ಆರು ಕೃತ್ತಿಕೆಯರು, ಸಮುದ್ರ ಕುಡಿದ ಅಗಸ್ತ್ಯ, ಎಲ್ಲ ಸಿದ್ಧವಾಗಿವೆ. ಹಿರಿಯರು ತಾವೇ ಮುಂದುವರಿಸುತ್ತಾರೆ. ಆದರೆ ಮಕ್ಕಳು ಕೇಳುಗರಾಗಿ ಕೂತುಬಿಡುತ್ತಾರೆ. ಕಥೆ ಹೇಳುವವರ ಬಾಯಿ ನೋಡುತ್ತಾರೆಯೇ ಹೊರತು ಆಕಾಶ ನೋಡುವುದಿಲ್ಲ.

ವಿಜ್ಞಾನದ ವಿವರಣೆ ದೊಡ್ಡ ಮಕ್ಕಳಿಗೆ ಹಿಡಿಸಿತು, ಉಳಿದವರು ಆಕಳಿಸಿದರು. ಜ್ಯೋತಿರ್ವರ್ಷ, ಉಷ್ಣಾಂಶ, ದ್ರವ್ಯರಾಶಿಯ ಅಂಕಿಗಳು ಕತ್ತಲಲ್ಲಿ ಕಿವಿಗೆ ಬಿದ್ದು ಹಾಗೆಯೇ ಹೋಗುತ್ತವೆ.

ಬರೀ ಕಲ್ಪನೆಯ ಲೋಕ, ಅಂದರೆ ನಾವೇ ಇಟ್ಟ ಹೆಸರು, ನಾವೇ ಕಟ್ಟಿದ ಕಥೆ, ಉತ್ಸಾಹದಲ್ಲಿ ಎಲ್ಲವನ್ನೂ ಮೀರಿಸಿತು. ಮಕ್ಕಳು ಓಡಿದರು, ವಾದಿಸಿದರು, ಕಾವಲುಗಾರನ ಜೊತೆ ಚೌಕಾಸಿ ಮಾಡಿದರು. ಆಕಾಶಕ್ಕೆ ಹೊಸ ಹೆಸರಿಡುವುದು ಅಪಚಾರವೆಂದು ನನಗೆ ಅನ್ನಿಸುವುದಿಲ್ಲ. ಇಂದಿನ 88 ನಕ್ಷತ್ರಪುಂಜಗಳ ಪಟ್ಟಿಯೂ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ ಕೂತು ಒಪ್ಪಿಕೊಂಡದ್ದೇ. ಆದರೆ ಮರುದಿನ ಒಂದು ಕೊರತೆ ಕಂಡಿತು. ಕೆಂಪು ಮುಂಡಾಸಿನವನ ಬಗ್ಗೆ ಇನ್ನಷ್ಟು ಓದಬೇಕೆಂದ ಹುಡುಗಿಗೆ ಪುಸ್ತಕದಲ್ಲಾಗಲಿ ಪಂಚಾಂಗದಲ್ಲಾಗಲಿ ಅವನು ಸಿಗಲಿಲ್ಲ.

ಈಗ ನಾವು ನಡೆಸುವುದು ಇವುಗಳನ್ನು ಕೂಡಿಸಿದ ಬಗೆ, ಮತ್ತು ಅದನ್ನೇ ಎಲ್ಲರಿಗೂ ಹೇಳುತ್ತೇನೆ. ಬಾಗಿಲು ತೆರೆಯುವವರೆಗೆ ಪೂರ್ತಿ ಕಲ್ಪನೆ. ತೆರೆದ ಕೂಡಲೇ ಕಾವಲುಗಾರ ತನ್ನ ನಿಜವಾದ ಹೆಸರು ಹೇಳುತ್ತಾನೆ, ಒಂದೇ ಒಂದು ಗುಟ್ಟು ಬಿಟ್ಟುಕೊಡುತ್ತಾನೆ. ಆ ಗುಟ್ಟು ನಿಜವಾಗಿರಬೇಕು, ಅದೊಂದು ಕಟ್ಟುನಿಟ್ಟು. ಆರ್ದ್ರಾ ಹೇಳುವ ಗುಟ್ಟು: ತಾನು ವಯಸ್ಸಾದ ಕೆಂಪು ಮಹಾದೈತ್ಯ, ಮುಂದೊಂದು ದಿನ ಸಿಡಿಯುವವನು, 2019ರ ಕೊನೆಯಲ್ಲಿ ತಾನೇ ಉಗುಳಿದ ಧೂಳಿನ ಮರೆಯಲ್ಲಿ ಕೆಲವು ತಿಂಗಳು ಮಂಕಾಗಿದ್ದವನು. ಇದಕ್ಕಿಂತ ದೊಡ್ಡ ಅದ್ಭುತವನ್ನು ನಾನು ಕೂತು ಕಟ್ಟಲಾರೆ.

ಗುಟ್ಟುಗಳಲ್ಲಿ ಎಲ್ಲರಿಗೂ ನಾಟಿದ್ದು ಬೆಳಕಿನ ವಯಸ್ಸು. ಲುಬ್ಧಕನಿಂದ ಬೆಳಕು ನಮಗೆ ಬರಲು ಸುಮಾರು ಎಂಟೂವರೆ ವರ್ಷ ಬೇಕು. ಗುಂಪಿನಲ್ಲಿ ಎಂಟು ಒಂಬತ್ತು ವಯಸ್ಸಿನ ಮಗುವಿದ್ದರೆ ಅದು ಹುಟ್ಟಿದ ಕಾಲಕ್ಕೆ ಹೊರಟ ಬೆಳಕು ಈಗ ಅದರ ಕಣ್ಣಿಗೆ ಬೀಳುತ್ತಿದೆ. ಪುನರ್ವಸುವಿನ ಹೆಚ್ಚು ಪ್ರಕಾಶದ ನಕ್ಷತ್ರಕ್ಕೆ ಸುಮಾರು 34 ವರ್ಷ, ಬ್ರಹ್ಮಹೃದಯಕ್ಕೆ ಸುಮಾರು 43. ಅಪ್ಪ ಅಮ್ಮಂದಿರ ಲೆಕ್ಕ ಅಲ್ಲಿ ಸೇರುತ್ತದೆ. ರೋಹಿಣಿಗೆ ಸುಮಾರು 65, ಅದು ಅಜ್ಜಿಯದು. ಅಗಸ್ತ್ಯನ ಬೆಳಕು ಸುಮಾರು 310 ವರ್ಷದ ಹಿಂದೆ ಹೊರಟದ್ದು. ಹೈದರಾಲಿ ಚಿತ್ರದುರ್ಗವನ್ನು ಹಿಡಿದದ್ದು 1779ರಲ್ಲಿ. ಅಂದರೆ ಈ ಬೆಳಕು ದಾರಿ ಹಿಡಿದಾಗ ದುರ್ಗದಲ್ಲಿ ನಾಯಕರೇ ಆಳುತ್ತಿದ್ದರು. ಕೃತ್ತಿಕೆಯದು ಇನ್ನೂ ಹಿಂದಿನದು, ಸುಮಾರು 440 ವರ್ಷ, 1565ರ ಯುದ್ಧದಲ್ಲಿ ವಿಜಯನಗರ ಮುರಿದುಬಿದ್ದ ತರುವಾಯದ ಕಾಲ. ಕಲ್ಪನೆಯ ಕೋಟೆಯಿಂದ ಹೊರಟವರು ಏಳನೇ ಬಾಗಿಲಲ್ಲಿ ನಿಜವಾದ ಕೋಟೆಗೆ ಬಂದು ನಿಲ್ಲುತ್ತಾರೆ. ಇಷ್ಟು ಹೊತ್ತು ಅಂಕಿಗಳಿಗೆ ಆಕಳಿಸುತ್ತಿದ್ದವರೇ ತಮ್ಮ ವಯಸ್ಸಿನ ನಕ್ಷತ್ರ ಯಾವುದೆಂದು ಕೇಳಲು ಶುರು ಮಾಡುತ್ತಾರೆ.

ಹಿರಿಯರಿಗೆ ಇನ್ನೊಂದು ದಾರಿಯಿದೆ, ಮಳೆ ನಕ್ಷತ್ರ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ಮಳೆಗಳನ್ನು ಎಣಿಸಿಯೇ ಬಿತ್ತನೆ ಮಾಡಿದವರು ಅವರು. ಹೊಲದ ಯಜಮಾನರಾದ ಮಾವನಿಗೆ ನೆತ್ತಿಯ ಮೇಲಿನ ಕಿತ್ತಳೆ ಚುಕ್ಕಿ ತೋರಿಸಿ ಇದೇ ರೋಹಿಣಿ ಮಾವ ಎಂದೆ. ಅವರು ಬಹಳ ಹೊತ್ತು ನೋಡಿ, "ಇದೇನಾ? ಇಷ್ಟು ವರ್ಷ ಬರೀ ಮಳೆ ಹೆಸರು ಅಂದ್ಕಂಡಿದ್ದೆ ನೋಡಪ್ಪ" ಅಂದರು. ರೋಹಿಣಿ ಮಳೆಯ ಕಾಲದಲ್ಲಿ, ಮೇ ಕೊನೆಗೆ, ಸೂರ್ಯ ಅದೇ ನಕ್ಷತ್ರದ ಕಡೆ ಇರುತ್ತಾನೆ. ಹಾಗಾಗಿ ಮಳೆ ಬರುವಾಗ ಆ ನಕ್ಷತ್ರ ಕಾಣುವುದಿಲ್ಲ. ಇದನ್ನು ಕೇಳಿದ ಮೇಲೆ ಅವರು ತಮಗೆ ಗೊತ್ತಿದ್ದ ಮಳೆಗಳ ಹೆಸರು ಒಂದೊಂದಾಗಿ ಹೇಳುತ್ತಾ ಹೋದರು, ನಾವು ಒಂದೊಂದಾಗಿ ತೋರಿಸುತ್ತಾ ಹೋದೆವು. ಅಂದಿನಿಂದ ಬಾನದುರ್ಗದಲ್ಲಿ ಮಳೆಗಾರನೆಂಬ ಪಾತ್ರ ಇದೆ, ಅದು ಯಾವತ್ತೂ ಗುಂಪಿನ ಹಿರಿಯರಿಗೇ.

ಸಲಕರಣೆಯ ಮಾತು ಬೇಗ ಮುಗಿಸಬಹುದು. ಬರಿಗಣ್ಣು, 10x50 ಬೈನಾಕ್ಯುಲರ್, ಆರಿಂಚಿನ ದೂರದರ್ಶಕ ಮೂರನ್ನೂ ಬಳಸಿದ್ದೇವೆ. ಆಟಕ್ಕೆ ಬರಿಗಣ್ಣೇ ಸಾಕು, ಸಾಕಷ್ಟೇ ಅಲ್ಲ, ಅದೇ ಸರಿ. ಬಾಗಿಲುಗಳೆಲ್ಲ ತೆರೆದ ಮೇಲೆ ಬಹುಮಾನವಾಗಿ ಬೈನಾಕ್ಯುಲರ್ ಕೈಯಿಂದ ಕೈಗೆ ಹೋಗಲಿ. ಕೃತ್ತಿಕೆಯಲ್ಲಿ ಆರರ ಜಾಗದಲ್ಲಿ ಹತ್ತಾರು ತಂಗಿಯರು ಕಂಡಾಗ, ಮಹಾವ್ಯಾಧನ ಖಡ್ಗದಲ್ಲಿ ಮಂಜಿನಂಥ ನೀಹಾರಿಕೆ ಕಂಡಾಗ ಮಕ್ಕಳು ಕೂಗುವ ಕೂಗು ಪಕ್ಕದ ಹೊಲಕ್ಕೆ ಕೇಳುತ್ತದೆ. ದೂರದರ್ಶಕ ಇಂಥ ಕೂಟಕ್ಕೆ ಬೇಡವೆಂದೇ ನನ್ನ ಅಭಿಪ್ರಾಯ. ಒಬ್ಬರು ನೋಡುವಾಗ ಉಳಿದವರು ಸಾಲಿನಲ್ಲಿ ನಿಲ್ಲಬೇಕು, ಭೂಮಿ ತಿರುಗುವುದರಿಂದ ಗಂಟೆಗೆ 15 ಡಿಗ್ರಿಯಂತೆ ಆಕಾಶ ಸರಿಯುತ್ತದೆ, ಪ್ರತಿಯೊಬ್ಬರಿಗೂ ಮತ್ತೆ ಗುರಿ ಹಿಡಿದು ಕೊಡಬೇಕು, ಅಜ್ಜಿಗೆ ಬಗ್ಗಿ ನೋಡಲಾಗುವುದಿಲ್ಲ. ಕಥೆ ಅಲ್ಲಿಗೆ ತುಂಡಾಗುತ್ತದೆ. ದೂರದರ್ಶಕಕ್ಕೆ ಬೇರೆಯೇ ಒಂದು ಸಂಜೆ ಮೀಸಲಿಡಿ: ಶುಕ್ಲ ಅಷ್ಟಮಿ, ಊರಿನ ತಾರಸಿ, ಅರ್ಧ ಚಂದ್ರ. ಬೆಳಕು ಕತ್ತಲಿನ ಗಡಿಯಲ್ಲಿ ಚಂದ್ರನ ಕುಳಿಗಳು ಎದ್ದು ಕಾಣುತ್ತವೆ, ಬೀದಿ ದೀಪ ಅದಕ್ಕೆ ಏನೂ ಅಡ್ಡಿಯಲ್ಲ. ತಾರಸಿ ತನ್ನ ಪೂರ್ತಿ ಬೆಲೆ ತೋರಿಸುವುದು ಆ ಸಂಜೆ.

ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಎಂಬ ಅಪ್ಲಿಕೇಶನ್ ಆಟ ನಡೆಸುವವರ ಮೊಬೈಲಿನಲ್ಲಿ ಮಾತ್ರ ಇರಲಿ, ಅದೂ ಕೆಂಪು ಪರದೆಯಲ್ಲಿ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು, ಒಂದು ಬಿಳಿ ಬೆಳಕು ಅದನ್ನೆಲ್ಲ ಕೆಡಿಸುತ್ತದೆ. ಟಾರ್ಚಿನ ಮುಖಕ್ಕೆ ಕೆಂಪು ಬಲೂನು ಎಳೆದು ಹಾಕಿದರೆ ಸಾಕು. ಗ್ರಹಗಳನ್ನು ಅಪ್ಲಿಕೇಶನ್‌ನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಅವು ವರ್ಷ ವರ್ಷಕ್ಕೆ ಜಾಗ ಬದಲಿಸುತ್ತವೆ, ಗುರು ಲುಬ್ಧಕನನ್ನೂ ಮೀರಿ ಹೊಳೆಯುತ್ತಾನೆ, ಮಕ್ಕಳು ಅವನನ್ನೇ ಕಾವಲುಗಾರ ಎನ್ನುತ್ತಾರೆ. ನಮ್ಮ ಕಥೆಯಲ್ಲಿ ಗ್ರಹಗಳು ಅಲೆಮಾರಿ ವರ್ತಕರು, ಅವರಿಗೆ ಬಾಗಿಲಿಲ್ಲ. ಹೊಳೆಯುತ್ತಾರೆ, ಅಷ್ಟಾಗಿ ಮಿನುಗುವುದಿಲ್ಲ ಎಂಬುದೇ ಅವರ ಗುರುತು. ಹಸಿರು ಲೇಸರ್ ತಂದಿದ್ದರೆ ದೊಡ್ಡವರ ಕೈಯಲ್ಲೇ ಇರಲಿ, ವಿಮಾನದ ಕಡೆಗೆ ಎಂದೂ ಬೇಡ, ಯಾರ ಕಣ್ಣಿನ ಕಡೆಗೂ ಬೇಡ.

ಬೆಂಕಿ ಹಾಕುವುದೋ ಬೇಡವೋ ಎಂಬುದು ಪ್ರತಿ ಸಲದ ಚರ್ಚೆ. ಕಾಲ್ಪನಿಕ ರಾಜ್ಯವೆಂದ ಮೇಲೆ ನಡುವೆ ಬೆಂಕಿ ಇರಬೇಕು ಎನ್ನುವವರಿದ್ದಾರೆ. ಬೆಂಕಿ ಹಾಕಿದ ಕೂಟದಲ್ಲಿ ಎಲ್ಲರೂ ಬೆಂಕಿ ನೋಡುತ್ತಾರೆ, ಹಾಕದ ಕೂಟದಲ್ಲಿ ಆಕಾಶ ನೋಡುತ್ತಾರೆ. ಒಣಗಿದ ಶೇಂಗಾ ಬಳ್ಳಿ ಬಿದ್ದಿರುವ ಹೊಲದಲ್ಲಂತೂ ಅದರ ಮಾತೇ ಬೇಡ. ಊಟದಲ್ಲಿ ಬೆಣ್ಣೆ ದೋಸೆಯ ಆಸೆ ಬಿಡಬೇಕು, ಅದು ಕಾವಲಿಯಿಂದ ನೇರ ತಟ್ಟೆಗೆ ಬಂದರಷ್ಟೇ ದೋಸೆ. ಹೊರಡುವ ಮೊದಲು ದಾರಿಯಲ್ಲೇ ಮಂಡಕ್ಕಿ ಮೆಣಸಿನಕಾಯಿ ಆಗಲಿ, ಎಣ್ಣೆ ಕೈ ತೊಳೆದುಕೊಂಡೇ ಗಾಡಿ ಹತ್ತಲಿ. ಹೊಲಕ್ಕೆ ಬುತ್ತಿಯೇ ಸರಿ: ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ. ಕತ್ತಲಲ್ಲಿ ಬಡಿಸುವಂಥದ್ದು, ಚೆಲ್ಲದಂಥದ್ದು.

ಚಳಿಗಾಲಕ್ಕೆ ಎದುರಾಳಿಯಾಗಿ ಬೇಸಿಗೆ ಇದೆ. ಅದರ ಬಗ್ಗೆ ನನಗೆ ಇತ್ತೀಚೆಗೆ ಪ್ರೀತಿ ಹೆಚ್ಚಾಗುತ್ತಿದೆ. ಚಳಿಗಾಲದಲ್ಲಿ ನಕ್ಷತ್ರಗಳು ಹೆಚ್ಚು ಪ್ರಕಾಶದವು, ಆಟಕ್ಕೆ ಹೇಳಿಮಾಡಿಸಿದ್ದು. ಬೇಸಿಗೆಯಲ್ಲಿ ಧೂಳಿನ ಮುಸುಕಿರುತ್ತದೆ, ಕತ್ತಲಾಗುವುದು ತಡ, ಮಕ್ಕಳು ಎಚ್ಚರವಿರಬೇಕಾದ ಹೊತ್ತೂ ಹೆಚ್ಚು. ಶಾಲೆಗೆ ರಜೆ ಇರುವುದರಿಂದ ಅದು ನಡೆಯುತ್ತದೆ. ಆದರೆ ಬೇಸಿಗೆಯಲ್ಲಿ ತ್ರಿಶಂಕು ಇದ್ದಾನೆ. ದಕ್ಷಿಣ ದಿಗಂತದ ಮೇಲೆ ನಾಲ್ಕು ನಕ್ಷತ್ರಗಳ ಪುಟ್ಟ ಶಿಲುಬೆ, ನಮ್ಮ ಅಕ್ಷಾಂಶದಲ್ಲಿ ಸುಮಾರು 12ರಿಂದ 19 ಡಿಗ್ರಿ ಎತ್ತರದಲ್ಲಿ. ಅದೇ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿಗಳು ಅತಿ ಮೇಲಿರುತ್ತಾರೆ, ವಸಿಷ್ಠನ ಪಕ್ಕದಲ್ಲಿ ಅರುಂಧತಿ. ಸ್ವರ್ಗದಿಂದ ತಳ್ಳಿಸಿಕೊಂಡ ತ್ರಿಶಂಕುವಿಗಾಗಿ ವಿಶ್ವಾಮಿತ್ರ ದಕ್ಷಿಣದಲ್ಲಿ ಬೇರೆಯೇ ಸಪ್ತರ್ಷಿಗಳನ್ನು, ಬೇರೆಯೇ ನಕ್ಷತ್ರಗಳನ್ನು ಸೃಷ್ಟಿಸಿದನೆಂದು ರಾಮಾಯಣದ ಬಾಲಕಾಂಡ ಹೇಳುತ್ತದೆ. ಕಲ್ಪನೆಯ ಆಕಾಶ ಕಟ್ಟುವ ನಮ್ಮ ಆಟಕ್ಕೆ ಅಷ್ಟು ಹಳೆಯ ಹಿರಿಯನೊಬ್ಬ ಇದ್ದಾನೆ! ಉತ್ತರಕ್ಕೆ ವಸಿಷ್ಠನ ಪಡೆ, ದಕ್ಷಿಣಕ್ಕೆ ವಿಶ್ವಾಮಿತ್ರನ ಪಡೆ, ನಡುವೆ ನೆತ್ತಿಯ ಮೇಲೆ ಸ್ವಾತಿ ಮತ್ತು ಚಿತ್ತೆ. ಮಕ್ಕಳನ್ನು ಎರಡು ಗುಂಪು ಮಾಡಿ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರೆ ಒಂದೇ ಹೊಲದಲ್ಲಿ ಎರಡು ಸ್ವರ್ಗಗಳು ಕಾಣುತ್ತವೆ. ಉತ್ತರದ ಊರುಗಳವರಿಗೆ ಈ ಭಾಗ್ಯವಿಲ್ಲ. ದೆಹಲಿಯಿಂದ ಪೂರ್ತಿ ತ್ರಿಶಂಕು ಕಾಣುವುದೇ ಇಲ್ಲ.

ಏಪ್ರಿಲ್ ಕೊನೆಯಲ್ಲಿ ಅವನು ಅತಿ ಮೇಲೇರುವುದು ರಾತ್ರಿ ಹತ್ತೂವರೆಯ ಹೊತ್ತಿಗೆ, ಮೇ ನಡುವಿನಲ್ಲಿ ಒಂಬತ್ತೂವರೆಗೆ. ಮೇ ಹೊತ್ತು ಮಕ್ಕಳಿಗೆ ಅನುಕೂಲ, ಆದರೆ ಆಗ ಸಂಜೆಯ ಗುಡುಗು ಮಳೆ ಯಾವತ್ತು ಬರುತ್ತದೋ ಹೇಳಲಾಗದು, ಬಯಲಿನಲ್ಲಿ ಸಿಡಿಲಿಗೆ ಸಿಕ್ಕುವುದು ಆಟವಲ್ಲ. ಮಳೆ ಬಂದು ಬಿಟ್ಟ ಮರುರಾತ್ರಿ ಧೂಳು ಕೂತು ಆಕಾಶ ತೊಳೆದಂತಿರುತ್ತದೆ ಎಂಬುದೂ ನಿಜ. ಹಾಗಾಗಿ ಏಪ್ರಿಲ್ ಕೊನೆಯ ಕೃಷ್ಣಪಕ್ಷದಲ್ಲಿ ಒಂದು ದಿನ ಗೊತ್ತು ಮಾಡಿ, ಮೇ ತಿಂಗಳದ್ದನ್ನು ಕೈಯಲ್ಲಿಟ್ಟುಕೊಳ್ಳಿ. ಹೊಲ ಹುಡುಕುವಾಗ ಹಗಲಲ್ಲೇ ದಕ್ಷಿಣಕ್ಕೆ ಮುಖ ಮಾಡಿ ನಿಂತು ಒಂದು ಮುಷ್ಟಿ ಎತ್ತಿ ನೋಡಿ. ಮರ, ಮನೆ, ಗುಡ್ಡ ಯಾವುದೂ ಆ ಮುಷ್ಟಿಗಿಂತ ಮೇಲೆ ಬರದಿದ್ದರೆ ಆ ಹೊಲ ಸರಿ.